ಒಣ ಮೂಲಿಕೆಯ ವೇಪರೈಸರ್: ಸುಡದೆ ಆವಿ ತೆಗೆಯುವ ಹದ

ವೇಪರೈಸರ್ ಎಂದರೆ ಒಣ ಮೂಲಿಕೆಯನ್ನು ಸುಡದೆ ಕಾಯಿಸಿ, ಅದರ ಆವಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಉಪಕರಣ. ಕೈಯಲ್ಲಿ ಹಿಡಿಯುವ ವೇಪರೈಸರ್‌ನಿಂದ ಆವಿ ಸರಿಯಾಗಿ ಬರದಿದ್ದರೆ ಬಹಳಷ್ಟು ಜನ ಮೊದಲು ಉಷ್ಣತೆಯ ಗುಂಡಿ ಒತ್ತುತ್ತಾರೆ. ದೋಷ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಮೂಲಿಕೆಯನ್ನು ಪುಡಿ ಮಾಡಿದ ಹದ, ಗೂಡಿಗೆ (ಮೂಲಿಕೆ ಹಾಕುವ ಪುಟ್ಟ ಕುಳಿಗೆ) ತುಂಬಿದ ಬಿಗಿ, ಉಸಿರು ಎಳೆದ ವೇಗ ಇವು ತಪ್ಪಿದ್ದರೆ ಎಷ್ಟು ಕಾಯಿಸಿದರೂ ಸಿಗುವುದು ಸುಟ್ಟ ರುಚಿ ಮಾತ್ರ.

ಎಲೆ, ಹೂವುಗಳಲ್ಲಿರುವ ಸುಗಂಧ ತೈಲಗಳು ಎಲೆ ಸುಡುವುದಕ್ಕೆ ಮೊದಲೇ ಆವಿಯಾಗುತ್ತವೆ. ನೀಲಗಿರಿ ಎಲೆಯ ಮುಖ್ಯ ಅಂಶವಾದ ಸಿನಿಯೋಲ್ ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೂ 130 ಡಿಗ್ರಿಗೇ ಅದು ಧಾರಾಳವಾಗಿ ಹೊರಬರುತ್ತದೆ. ನೀರು ಕುದಿಯದೆಯೇ ಒದ್ದೆ ಬಟ್ಟೆ ಒಣಗುವುದಿಲ್ಲವೇ, ಹಾಗೆ. ಸುಮಾರು 230 ಡಿಗ್ರಿ ದಾಟಿದರೆ ಒಣ ಎಲೆ ಕರಿಕಾಗಿ ಹೊಗೆಯಾಡತೊಡಗುತ್ತದೆ. ಆಗ ಟಾರ್, ಕಾರ್ಬನ್ ಮಾನಾಕ್ಸೈಡ್ ಎರಡೂ ಉಸಿರಿನೊಳಗೆ ಸೇರುತ್ತವೆ, ವೇಪರೈಸರ್ ಬಳಸಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮೂಲಿಕೆಯ ಆಯ್ಕೆ

ಚಹಾ ಅಥವಾ ಅಡುಗೆಗೆಂದು ಮಾರುವ, ಬಣ್ಣ, ಪರಿಮಳ ಬೆರೆಸದ ಒಣ ಮೂಲಿಕೆಯನ್ನೇ ಕೊಳ್ಳಿ. ಕೋಣೆಯ ಅಲಂಕಾರಕ್ಕೆ ಮಾರುವ ಒಣ ಹೂಗಳಿಗೆ ಕೃತಕ ಸುಗಂಧ ಸಿಂಪಡಿಸಿರುತ್ತಾರೆ, ಅವು ಬೇಡವೇ ಬೇಡ. ಎಣ್ಣೆಯನ್ನೂ ಗೂಡಿಗೆ ಹನಿಸಬಾರದು. ಅದು ಹೀಟರ್‌ಗೆ ಇಳಿದು ಉಪಕರಣವನ್ನು ಕೆಡಿಸುತ್ತದೆ, ಶ್ವಾಸಕೋಶಕ್ಕೂ ಅಪಾಯ. ಆಸ್ತಮಾ ಇರುವವರು, ಗರ್ಭಿಣಿಯರು, ಹೂವಿನ ಪರಾಗ ಆಗದವರು ಇದರಿಂದ ದೂರವಿರುವುದು ಒಳ್ಳೆಯದು. ಬಿಸಿ ಗಾಳಿಯೊಂದೇ ಸಾಕು ಶ್ವಾಸನಾಳವನ್ನು ಕೆರಳಿಸಲು.

ಎಲೆಯನ್ನು ಬೆರಳಲ್ಲಿ ಮುರಿದಾಗ ಗರಿಗರಿಯಾಗಿ ತುಂಡಾಗಬೇಕು, ಆದರೆ ಧೂಳಾಗಬಾರದು. ತೇವ ಉಳಿದಿದ್ದರೆ ಮೊದಲು ಹೊರಡುವುದು ನೀರಿನ ಹಬೆ. ಅದು ಗಂಟಲಿಗೆ ಚುರುಕು ಮುಟ್ಟಿಸುತ್ತದೆ, ಪರಿಮಳವೂ ಮಂಕಾಗುತ್ತದೆ.

ಪುಡಿ ಮತ್ತು ತುಂಬುವಿಕೆ

ಇಲ್ಲಿ ನಿಮ್ಮ ಉಪಕರಣ ಯಾವ ಬಗೆಯದೆಂದು ತಿಳಿದಿರಬೇಕು. ಕೆಲವುಗಳಲ್ಲಿ ಗೂಡಿನ ಗೋಡೆಯೇ ಕಾಯುತ್ತದೆ, ಅದಕ್ಕೆ ತಾಗಿದ ಮೂಲಿಕೆ ಬೇಯುತ್ತದೆ. ಇನ್ನು ಕೆಲವುಗಳಲ್ಲಿ ಉಸಿರು ಎಳೆದಾಗ ಬಿಸಿ ಗಾಳಿ ಮೂಲಿಕೆಯ ನಡುವೆ ಹಾಯುತ್ತದೆ. ಗೋಡೆ ಕಾಯುವ ಬಗೆಗೆ ನುಣ್ಣನೆಯ ಪುಡಿ ಬೇಕು, ಗೂಡು ತುಂಬಿರಬೇಕು, ಬೆರಳ ತುದಿಯಿಂದ ಹಗುರವಾಗಿ ಅದುಮಬೇಕು. ಅರ್ಧ ಖಾಲಿ ಬಿಟ್ಟರೆ ಮೂಲಿಕೆ ಗೋಡೆಗೆ ತಾಗದೆ ಹಸಿಯಾಗಿಯೇ ಉಳಿಯುತ್ತದೆ. ಬಿಸಿ ಗಾಳಿಯ ಬಗೆಗೆ ತರಿತರಿಯಾದ ಪುಡಿ ಸಾಕು, ಅದುಮುವ ಗೋಜು ಬೇಡ. ಬಿಗಿಯಾದರೆ ಗಾಳಿ ಒಂದೇ ಸಂದಿನಲ್ಲಿ ನುಗ್ಗಿ ಅಲ್ಲಿ ಮಾತ್ರ ಸುಡುತ್ತದೆ.

ಸಾಮಾನ್ಯ ಗೂಡಿಗೆ 0.1ರಿಂದ 0.3 ಗ್ರಾಂ ಹಿಡಿಸುತ್ತದೆ. ಹಿಟ್ಟಿನಂತೆ ಅರೆದರೆ ಪುಡಿ ಜಾಲರಿಯ ಕಣ್ಣು ದಾಟಿ ಬಾಯಿಗೆ ಬರುತ್ತದೆ. ಗೂಡಿನ ಅಂಚಿಗೆ ಅಂಟಿದ ಪುಡಿಯನ್ನು ಒರೆಸಿಯೇ ಮುಚ್ಚಳ ಹಾಕಿ. ಮುಚ್ಚಿದ ಮೇಲೆ ಕಾಯಿಸುವ ಮೊದಲೇ ಒಮ್ಮೆ ಉಸಿರು ಎಳೆದು ನೋಡಿ. ಗಾಳಿ ಸಲೀಸಾಗಿ ಬಾರದಿದ್ದರೆ ಆಗಲೇ ಸಡಿಲಿಸಿ, ಬಿಸಿಯಾದ ಮೇಲೆ ತೆರೆಯುವುದು ಕಷ್ಟ.

ಕಾಯಿಸುವುದು, ಎಳೆಯುವುದು

ಹೊಸ ಉಪಕರಣವಾದರೆ ಖಾಲಿ ಗೂಡನ್ನೇ ಗರಿಷ್ಠ ಉಷ್ಣತೆಗೆ ಎರಡು ಮೂರು ಸಲ ಕಾಯಿಸಿ ತಣಿಸಿ. ತಯಾರಿಕೆಯ ವೇಳೆ ಉಳಿದ ಎಣ್ಣೆಯ ವಾಸನೆ ಹೋಗುತ್ತದೆ. ಈ ಕೆಲಸವನ್ನು ಕಿಟಕಿ ತೆರೆದು ಮಾಡಿ.

ನೀಲಗಿರಿ, ಲ್ಯಾವೆಂಡರ್‌ಗೆ 130 ಡಿಗ್ರಿ, ಲೆಮನ್ ಬಾಮ್‌ಗೆ 142, ಕ್ಯಾಮೊಮೈಲ್, ಥೈಮ್, ಸೇಜ್‌ಗೆ 190 ಡಿಗ್ರಿಯ ಆಸುಪಾಸು ಎಂಬುದು ರೂಢಿಯ ಲೆಕ್ಕ. ದೀಪ ಅಥವಾ ಕಂಪನ 'ಸಿದ್ಧ' ಎಂದು ಸೂಚಿಸಿದೊಡನೆ ಎಳೆಯಬೇಡಿ. ಆ ಸೂಚನೆ ಸೆನ್ಸರ್ ಇರುವ ಲೋಹದ್ದು. ಗೂಡಿನ ನಡುವಿನ ಮೂಲಿಕೆಗೆ ಬಿಸಿ ಇಳಿಯಲು ಇನ್ನೂ 20-30 ಸೆಕೆಂಡು ಬೇಕು. ಮೊದಲ ಎಳೆತ ಸಪ್ಪೆಯಾಗುವುದಕ್ಕೆ ಇದೇ ಕಾರಣ.

ಎಳೆತ ನಿಧಾನವಾಗಿರಲಿ, 8ರಿಂದ 10 ಸೆಕೆಂಡಿನಷ್ಟು ಉದ್ದ. ರಭಸದಿಂದ ಎಳೆದರೆ ತಣ್ಣನೆಯ ಗಾಳಿ ಒಳನುಗ್ಗಿ ಗೂಡು ತಣಿಯುತ್ತದೆ, ಹೀಟರ್ ಅದನ್ನು ಮತ್ತೆ ಕಾಯಿಸಲು ಬ್ಯಾಟರಿ ಹೀರುತ್ತದೆ. ಎರಡು ಎಳೆತಗಳ ನಡುವೆ ಕಾಲು ನಿಮಿಷ ಬಿಡಿ. ಉಸಿರನ್ನು ಒಳಗೆ ಹಿಡಿದಿಡುವುದರಿಂದ ಏನೂ ಹೆಚ್ಚು ದಕ್ಕುವುದಿಲ್ಲ.

ಪರಿಮಳ ಇಳಿದಾಗ ಒಮ್ಮೆ ಕಡ್ಡಿಯಿಂದ ಕೆದಕಿ. ಗೋಡೆ ಕಾಯುವ ಬಗೆಯಲ್ಲಿ ಇದು ಅತಿ ಮುಖ್ಯ, ಏಕೆಂದರೆ ಅಂಚಿನದು ಕಂದಾಗಿ ನಡುವಿನದು ಹಸಿರಾಗಿಯೇ ಉಳಿದಿರುತ್ತದೆ. ಆಮೇಲೂ ಸಾಲದಿದ್ದರೆ ಮಾತ್ರ ಐದೈದು ಡಿಗ್ರಿ ಏರಿಸಿ. ಆವಿ ಕಣ್ಣಿಗೆ ದಟ್ಟವಾಗಿ ಕಾಣಲೇಬೇಕೆಂಬ ಹಟ ಬೇಡ. ಕಡಿಮೆ ಉಷ್ಣತೆಯ ಒಳ್ಳೆಯ ಆವಿ ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ನಾಲಿಗೆಗೆ ತಿಳಿದರೆ ಸಾಕು.

ಮುಗಿದ ಮೇಲೆ ಗೂಡಿನಲ್ಲಿ ಉಳಿದದ್ದನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಒಂದೇ ಸಮನೆ ಕಂದು ಬಣ್ಣವಿದ್ದರೆ ಹದ ಕೂಡಿದೆ. ಹಸಿರು, ಕಂದು ಮಚ್ಚೆಗಳಿದ್ದರೆ ಪುಡಿ ಅಥವಾ ತುಂಬುವಿಕೆ ಸರಿಯಿಲ್ಲ. ಕಪ್ಪಾಗಿದ್ದರೆ ಬಿಸಿ ಹೆಚ್ಚಾಗಿದೆ, ಬೂದಿ ಕಂಡರೆ ಸುಟ್ಟೇ ಹೋಗಿದೆ.

ಸ್ವಚ್ಛತೆ

ಗೂಡು ಬೆಚ್ಚಗಿರುವಾಗಲೇ ಬಗ್ಗಿಸಿ ಬ್ರಷ್ ಆಡಿಸಿದರೆ ಅರ್ಧ ಕೆಲಸ ಮುಗಿಯಿತು. ತಣಿದರೆ ಅಂಟು ಗಟ್ಟಿಯಾಗುತ್ತದೆ. ಎಳೆತ ದಿನೇ ದಿನೇ ಬಿಗಿಯಾಗುತ್ತಿದ್ದರೆ ಜಾಲರಿ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಅದನ್ನೂ ಗಾಜಿನ ಭಾಗಗಳನ್ನೂ ಶೇಕಡ 90ಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅರ್ಧ ಗಂಟೆ ನೆನೆಸಿ, ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಗೂಡಿನೊಳಗೆ ಆಲ್ಕೋಹಾಲ್ ಸುರಿಯಬೇಡಿ. ಅದರಲ್ಲಿ ಅದ್ದಿ ಹಿಂಡಿದ ಇಯರ್ ಬಡ್‌ನಿಂದ ಒರೆಸಿದರೆ ಸಾಕು. ಪ್ಲಾಸ್ಟಿಕ್ ಭಾಗಗಳು ಆಲ್ಕೋಹಾಲ್‌ನಿಂದ ಬಿರುಕು ಬಿಡಬಹುದು, ಅವುಗಳಿಗೆ ಸೋಪಿನ ನೀರು. ಐಸೊಪ್ರೊಪೈಲ್‌ನ ಆವಿ ಕೋಣೆಯ ಉಷ್ಣತೆಯಲ್ಲೇ ಕಿಡಿ ತಗುಲಿದರೆ ಬೆಂಕಿ ಹಿಡಿಯುವಂಥದ್ದು. ವಾಸನೆ ಸಂಪೂರ್ಣ ಹೋಗುವ ತನಕ ಉಪಕರಣವನ್ನು ಆನ್ ಮಾಡಬಾರದು.

ಬ್ಯಾಟರಿಗೆ ಸಂಬಂಧಿಸಿ ಒಂದೆರಡು ಮಾತು: ತಯಾರಕರು ಹೇಳಿದ ಚಾರ್ಜರನ್ನೇ ಬಳಸಿ, ಪೂರ್ತಿ ಬರಿದಾಗಲು ಬಿಡಬೇಡಿ. 18650ರಂಥ (ಉರುಳೆಯಾಕಾರದ ಲಿಥಿಯಂ ಬ್ಯಾಟರಿಯ ಒಂದು ಅಳತೆ) ಬಿಡಿ ಬ್ಯಾಟರಿಯಾದರೆ ಬೀಗದ ಕೈ, ನಾಣ್ಯಗಳ ಜೊತೆ ಜೇಬಿಗೆ ಹಾಕದೆ ಅದರದೇ ಡಬ್ಬಿಯಲ್ಲಿಡಿ. ಹೊದಿಕೆ ಹರಿದಿದ್ದರೆ ಅಥವಾ ಉಬ್ಬಿದ್ದರೆ ಅಂದೇ ಬಳಕೆ ನಿಲ್ಲಿಸಿ, ಇ-ತ್ಯಾಜ್ಯ ಸಂಗ್ರಹಿಸುವಲ್ಲಿ ಕೊಡಿ.