ಎಡಿಎಚ್‌ಡಿ ಇರುವ ಮನೆಯಲ್ಲಿ ಕೆಲಸ ಶುರು ಮಾಡಿಸುವುದು ಹೇಗೆ?

ನನ್ನ ಮಗನಿಗೂ ಎಡಿಎಚ್‌ಡಿ ಇದೆ, ನನಗೂ ಇದೆ. ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಇವು ಚಿಕ್ಕಂದಿನಿಂದಲೇ ಕಾಡುವ ತೊಂದರೆ ಇದು. ಮೊದಲು ಗೊತ್ತಾಗಿದ್ದು ಅವನದು. ಅವನ ಬಗ್ಗೆ ಡಾಕ್ಟರ್ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರೆ ನಾನು ಮನಸ್ಸಿನಲ್ಲೇ ನನ್ನ ಉತ್ತರ ಹೇಳಿಕೊಳ್ಳುತ್ತಿದ್ದೆ. ಇದು ವಂಶದಲ್ಲಿ ಬಲವಾಗಿ ಹರಿದುಬರುವಂಥದ್ದು. ಮಗುವಿನ ತಪಾಸಣೆಯಲ್ಲಿ ಅಪ್ಪನೋ ಅಮ್ಮನೋ ಸಿಕ್ಕಿಬೀಳುವುದು ಹೊಸದೇನಲ್ಲ.

"ಗೇಮ್ ಆಡೋಕೆ ಗಂಟೆಗಟ್ಟಲೆ ಕೂರ್ತಾನಲ್ಲ?" ಅಂತ ಕೇಳುವವರಿದ್ದಾರೆ. ಹೌದು, ಕೂರುತ್ತಾನೆ. ಗೇಮ್ ಕ್ಷಣಕ್ಷಣಕ್ಕೂ ಏನಾದರೊಂದು ಕೊಡುತ್ತಿರುತ್ತದೆ. ಲೆಕ್ಕದ ಪುಸ್ತಕ ಕೊಡುವುದೇನಿದ್ದರೂ ಪರೀಕ್ಷೆ ಮುಗಿದ ಮೇಲೆ. ಏನು ಮಾಡಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು, ಆ ಗಳಿಗೆಯಲ್ಲಿ ಮಾಡಲು ಆಗುವುದಿಲ್ಲ. ರಸೆಲ್ ಬಾರ್ಕ್ಲಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಸ್ವನಿಯಂತ್ರಣದ ತೊಂದರೆ ಎಂದೇ ನೋಡುತ್ತಾರೆ. ನೆರವು ಕೆಲಸ ನಡೆಯುವ ಜಾಗದಲ್ಲಿ, ನಡೆಯಬೇಕಾದ ಹೊತ್ತಿನಲ್ಲೇ ಇರಬೇಕು ಎನ್ನುವುದು ಅವರ ವಾದ. ರಾತ್ರಿ ಹೇಳಿದ ಬುದ್ಧಿಮಾತು ಬೆಳಗಿನ ಗಡಿಬಿಡಿಗೆ ಒದಗುವುದಿಲ್ಲ.

ಹಾಗಾಗಿ ಮೊದಲು ಸಮಯವನ್ನು ಕಣ್ಣಿಗೆ ಕಾಣಿಸಿ. "ಇನ್ನು ಹತ್ತು ನಿಮಿಷ" ಎಂದರೆ ನಮ್ಮಂಥವರಿಗೆ ಅದು ಬರೀ ಶಬ್ದ. ಬಣ್ಣದ ಭಾಗ ಕರಗುತ್ತ ಹೋಗುವ ಟೈಮರ್ ಆದರೆ ಒಳ್ಳೆಯದು, ಮುಳ್ಳಿನ ಗಡಿಯಾರವಾದರೂ ಆದೀತು. ಮೊಬೈಲ್ ಟೈಮರ್ ಮಾತ್ರ ಬೇಡ. ಆಫ್ ಮಾಡಲು ಎತ್ತಿಕೊಂಡ ಮೊಬೈಲ್ ಮತ್ತೆ ಕೆಳಗಿಳಿಯುವುದಿಲ್ಲ, ನನ್ನ ಕೈಯಿಂದಂತೂ.

ಇನ್ನೊಂದು ಕೋಣೆಯಿಂದ ಕೂಗಿ ಹೇಳಬೇಡಿ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಒಂದೇ ಒಂದು ಕೆಲಸ ಹೇಳಿ. "ಸ್ನಾನ ಮಾಡಿ, ಬಟ್ಟೆ ಹಾಕ್ಕೊಂಡು, ಬ್ಯಾಗ್ ತುಂಬ್ಕೊ" ಎಂದರೆ ಸ್ನಾನದ ಮನೆಗೆ ಹೋಗುವಷ್ಟರಲ್ಲಿ ಉಳಿದೆರಡು ತಲೆಯಿಂದ ಜಾರಿರುತ್ತವೆ. ಅದು ಉಡಾಫೆಯಲ್ಲ, ಕೆಲಸ ಮುಗಿಯುವ ತನಕ ಮಾತನ್ನು ಹಿಡಿದಿಡಬೇಕಾದ ನೆನಪೇ ದುರ್ಬಲ. ಉಳಿದದ್ದನ್ನು ಚೀಟಿಯಲ್ಲಿ ಬರೆದು ಅಲ್ಲೇ ಬಾಗಿಲಿಗೆ ಅಂಟಿಸಿ.

ನನಗೆ ಎಲ್ಲಕ್ಕಿಂತ ಹೆಚ್ಚು ಕೈಹಿಡಿದದ್ದು ಪೀಟರ್ ಗೋಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರ 'ಹೀಗಾದರೆ ಹಾಗೆ' ಯೋಜನೆ. "ಸಂಜೆ ಓದ್ತೀನಿ" ಎನ್ನುವುದು ಬರೀ ಆಸೆ. "ಬ್ಯಾಗ್ ಕೆಳಗಿಟ್ಟ ತಕ್ಷಣ ಡೈರಿ ತೆಗೆದು ಮೇಜಿನ ಮೇಲಿಡ್ತೀನಿ" ಎಂದರೆ ಬ್ಯಾಗೇ ನೆನಪಿಸುತ್ತದೆ. ಎಡಿಎಚ್‌ಡಿ ಇರುವ ಮಕ್ಕಳಿಗೂ ಇದು ದುಡುಕು ತಡೆಯಲು ನೆರವಾದದ್ದು ಪ್ರಯೋಗಗಳಲ್ಲಿ ಕಂಡಿದೆ. ವಾಕ್ಯವನ್ನು ಮಗುವೇ ಕಟ್ಟಲಿ. ಮೊದಲ ಹೆಜ್ಜೆ ನಗು ಬರುವಷ್ಟು ಚಿಕ್ಕದಿರಲಿ. ನನ್ನದೊಂದು ಹೀಗಿದೆ: "ಏನಾದರೂ ಕೊಳ್ಳಬೇಕು ಅನ್ನಿಸಿದರೆ ಪಟ್ಟಿಯಲ್ಲಿ ಬರೆದು ನಾಳೆ ನೋಡ್ತೀನಿ." ಜೊತೆಗೆ, ಆನ್‌ಲೈನ್‌ನಲ್ಲಿ ಉಳಿಸಿದ್ದ ಕಾರ್ಡ್ ವಿವರವನ್ನೂ ಅಳಿಸಿಹಾಕಿದ್ದೇನೆ. ಪ್ರತಿ ಸಲ ಅಷ್ಟೂ ಅಂಕಿ ಒತ್ತುವ ತಾಳ್ಮೆ ನನಗಿಲ್ಲ. ಇಲ್ಲಿ ಅದೇ ಲಾಭ.

ಮೆಚ್ಚುಗೆ, ಬಹುಮಾನ ಆಗಿಂದಾಗಲೇ ಸಿಗಬೇಕು. ವರ್ಷದ ಕೊನೆಗೆ ಸೈಕಲ್ ಎಂಬ ಆಸೆ ಕೆಲಸಕ್ಕೆ ಬಾರದು. ಒಂದು ಬಹುಮಾನ ಹಳತಾದೊಡನೆ ಬದಲಾಯಿಸಿ.

ಮಾತ್ರೆಯ ವಿಷಯ ಡಾಕ್ಟರಿಗೇ ಬಿಡಿ. ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಎರಡೂ ಬಹುಕಾಲದಿಂದ ಬಳಕೆಯಲ್ಲಿರುವ ಔಷಧಿಗಳು. ಆದರೆ ಹಸಿವು, ನಿದ್ದೆ, ರಕ್ತದೊತ್ತಡದ ಮೇಲೆ ಕಣ್ಣಿಡಬೇಕು.

ಇದನ್ನೆಲ್ಲ ಓದಿ "ನನಗೂ ಇದೆ" ಅನ್ನಿಸಿದರೆ ನೀವೇ ತೀರ್ಮಾನಿಸಬೇಡಿ. ನಿದ್ದೆಗೇಡು, ಆತಂಕ, ಥೈರಾಯ್ಡ್ ತೊಂದರೆ ಕೂಡ ಇದೇ ವೇಷದಲ್ಲಿ ಬರುತ್ತವೆ. ಡಿಎಸ್‌ಎಂ-5 ಎಂಬ, ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು, ಜೊತೆಗೆ ಮನೆ, ಶಾಲೆ, ಕೆಲಸ ಹೀಗೆ ಕನಿಷ್ಠ ಎರಡು ಕಡೆ ಲಕ್ಷಣಗಳು ಇರಬೇಕು. ಆದ್ದರಿಂದ ದೊಡ್ಡವರು ಮನೋವೈದ್ಯರ ಬಳಿ ಹೋಗುವಾಗ ಪ್ರಾಥಮಿಕ ಶಾಲೆಯ ಅಂಕಪಟ್ಟಿ ಸಿಕ್ಕರೆ ಒಯ್ಯಿರಿ. ಟೀಚರ್ ಷರಾ ಬರೆದಿದ್ದರೆ ಅಂಕಕ್ಕಿಂತ ಅದೇ ಮುಖ್ಯ. ಅದಿಲ್ಲದಿದ್ದರೆ ನಿಮ್ಮನ್ನು ಚಿಕ್ಕಂದಿನಿಂದ ಕಂಡ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.