ಕ್ಲಚ್ ಪೆಡಲ್ ಮೆತ್ತಗಾಯಿತೇ? ಏರ್ ತೆಗೆಯುವುದು ಹೀಗೆ

ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲದ ಕಡೆ ಘಾಟಿ ಹತ್ತುವಾಗ ಕ್ಲಚ್‌ಗೆ ಬಿಡುವೇ ಇರುವುದಿಲ್ಲ. ಅಂಥ ತಿರುವಿನಲ್ಲಿ ಗೇರ್ ಬೀಳದೆ ಹೋದರೆ ಅಪಾಯ. ಲಕ್ಷಣಗಳು ಮನೆಯಂಗಳದಲ್ಲೇ ಕಾಣುತ್ತವೆ. ರಿವರ್ಸ್ ಹಾಕುವಾಗ ಕರಕರ ಸದ್ದು ಬರುತ್ತದೆ. ಎರಡು ಮೂರು ಸಲ ತುಳಿದ ಮೇಲಷ್ಟೇ ಗೇರ್ ಬೀಳುತ್ತದೆ. ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್‌ನ ಪೈಪಿನಲ್ಲಿ ಏರ್ ಸೇರಿದರೆ ಹೀಗಾಗುತ್ತದೆ. ಆಯಿಲ್ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ತುಳಿದ ಬಲವೆಲ್ಲ ಗುಳ್ಳೆಯಲ್ಲೇ ಮುಗಿಯುತ್ತದೆ. ಕೇಬಲ್ ಕ್ಲಚ್ ಇರುವ ಕಾರಿಗೆ ಈ ಕೆಲಸ ಬೇಡ.

ಬೇಕಾದದ್ದು ಸ್ವಲ್ಪವೇ: ಏರ್ ಹೊರಬಿಡುವ ಟೊಳ್ಳು ಸ್ಕ್ರೂ ಆದ ನಿಪ್ಪಲ್‌ಗೆ ಸರಿಹೊಂದುವ ರಿಂಗ್ ಸ್ಪ್ಯಾನರ್, ಪಾರದರ್ಶಕ ಸಣ್ಣ ಟ್ಯೂಬ್, ಹಳೆಯ ಬಾಟಲಿ, ಬಟ್ಟೆ, ಬ್ರೇಕ್ ಆಯಿಲ್. ಪೆಡಲ್ ತುಳಿಯಲು ಇನ್ನೊಬ್ಬರು ಬೇಕು. ಆಯಿಲಿನ ದರ್ಜೆ ಡಾಟ್ 3 ಅಥವಾ ಡಾಟ್ 4, ಯಾವುದೆಂದು ಬಾನೆಟ್ ಅಡಿ ಆಯಿಲ್ ತುಂಬಿಸುವ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಸೀಲ್ ಒಡೆಯದ ಬಾಟಲಿಯನ್ನೇ ತನ್ನಿ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕಾಸರಗೋಡಿನ ಮಳೆಗಾಲದಲ್ಲಂತೂ ಕೇಳಬೇಕೇ? ಡಾಟ್ 4 ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ತೇವ ಸೇರಿದರೆ ಆ ಮಿತಿ 155ರವರೆಗೂ ಇಳಿಯಬಹುದು. ಎಂಜಿನ್ ಆಯಿಲ್ ಮಾತ್ರ ಯಾವತ್ತೂ ಹಾಕಬೇಡಿ, ರಬ್ಬರ್ ಸೀಲ್‌ಗಳು ಊದಿ ಹಾಳಾಗುತ್ತವೆ.

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಚಕ್ರಕ್ಕೆ ಮುರಕಲ್ಲಿನ ತುಂಡು ಕೊಡಿ. ಬರೀ ಜಾಕಿಯ ಮೇಲೆ ನಿಂತ ಕಾರಿನಡಿಗೆ ಹೋಗಲೇಬಾರದು. ಡಬ್ಬಿಯನ್ನು ಮ್ಯಾಕ್ಸ್ ಗೆರೆಯವರೆಗೆ ತುಂಬಿಸಿ. ಗೇರ್‌ಬಾಕ್ಸ್ ಪಕ್ಕದ ಬ್ಲೀಡರ್ ನಿಪ್ಪಲ್ ಹುಡುಕಿ ಒರೆಸಿ. ಮೊದಲು ಸ್ಪ್ಯಾನರ್, ಆಮೇಲೆ ಟ್ಯೂಬ್ ತೊಡಿಸಿ. ಟ್ಯೂಬಿನ ಇನ್ನೊಂದು ತುದಿ ಬಾಟಲಿಯಲ್ಲಿ ಆಯಿಲ್‌ನೊಳಗೆ ಮುಳುಗಿರಲಿ.

ಇನ್ನು ಮುಖ್ಯ ಕೆಲಸ. ಕಾರಿನೊಳಗಿನವರು ಪೆಡಲನ್ನು ನಿಧಾನ ತುಳಿದು ಹಾಗೇ ಹಿಡಿದುಕೊಂಡು "ತುಳಿದಿದ್ದೇನೆ" ಎನ್ನಬೇಕು. ಆಗ ನೀವು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಗುಳ್ಳೆ ಸಮೇತ ಆಯಿಲ್ ಬರುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗಲೇ ನಿಪ್ಪಲ್ ಮುಚ್ಚಿ. "ಬಿಡಿ" ಎಂದು ನೀವು ಹೇಳಿದ ಮೇಲಷ್ಟೇ ಅವರು ಕಾಲು ತೆಗೆಯಬೇಕು. ಈ ಕ್ರಮ ತಪ್ಪಿದರೆ ಹೊರಗಿನ ಗಾಳಿಯನ್ನೇ ಮತ್ತೆ ಒಳಗೆ ಎಳೆದುಕೊಂಡಂತೆ. ಪೆಡಲ್ ಕೆಳಗೇ ಉಳಿದರೆ ಕೈಯಿಂದ ಎತ್ತಿ. ಜೋರಾಗಿ ಪಟಪಟ ತುಳಿಯುವುದು ಬೇಡ, ಗುಳ್ಳೆ ಒಡೆದು ಆಯಿಲ್ ನೊರೆಯಾಗುತ್ತದೆ.

ನಡುನಡುವೆ ಡಬ್ಬಿ ನೋಡಿ ತುಂಬಿಸುತ್ತಿರಿ. ಅದು ಖಾಲಿಯಾದರೆ ಮೊದಲಿನಿಂದ ಶುರು ಮಾಡಬೇಕು. ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್‌ಗೂ ಒಂದೇ ಡಬ್ಬಿ, ಹಾಗಾಗಿ ಜಾಸ್ತಿ ಎಚ್ಚರ ಬೇಕು. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಗುಳ್ಳೆ ನಿಂತು ಪೆಡಲ್ ಗಟ್ಟಿಯಾದರೆ ನಿಪ್ಪಲ್ ಬಿಗಿ ಮಾಡಿ. ಆದರೆ ಅತಿಯಾಗಿ ಬಿಗಿದರೆ ಮುರಿಯುತ್ತದೆ. ಬ್ರೇಕ್ ತುಳಿದುಕೊಂಡು ಎಂಜಿನ್ ಚಾಲೂ ಮಾಡಿ, ರಿವರ್ಸ್ ಸದ್ದಿಲ್ಲದೆ ಬೀಳುತ್ತದೆಯೇ ನೋಡಿ. ಹಳೆಯ ಆಯಿಲನ್ನು ತೋಟದ ಕಣಿಗೋ ಬಾವಿಯ ಹತ್ತಿರವೋ ಸುರಿಯಬೇಡಿ, ಬಾಟಲಿ ಮುಚ್ಚಿ ಗ್ಯಾರೇಜಿಗೆ ಕೊಡಿ.

ಏರ್ ಸುಮ್ನೆ ಸೇರುವುದಿಲ್ಲ, ಅಲ್ವಾ? ಪೆಡಲಿನ ಮೇಲ್ಭಾಗ, ಪೈಪಿನ ಜಾಯಿಂಟ್, ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಒದ್ದೆಯಾಗಿವೆಯೇ ಮುಟ್ಟಿ ನೋಡಿ. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನೊಳಗೇ ಇರುತ್ತದೆ. ಅದು ಸೋರಿದರೆ ಗೇರ್‌ಬಾಕ್ಸ್ ಇಳಿಸಬೇಕು, ಅದು ಮೆಕ್ಯಾನಿಕ್ ಕೆಲಸ.