ಕೆಂಪು ತೆಗೆಯುವ ಹನಿಯನ್ನು ಬಿಟ್ಟ ಮೇಲೆ ತಿಳಿಯಾದ ಕಣ್ಣು

ಸುಮಾರು ಎರಡು ವರ್ಷಗಳ ಕಾಲ ನನ್ನ ಎರಡೂ ಕಣ್ಣುಗಳು ಕೆಂಪಾಗಿಯೇ ಇದ್ದವು. ನೋವಿರಲಿಲ್ಲ, ದೃಷ್ಟಿಯೂ ಮಂದವಾಗಿರಲಿಲ್ಲ. ಆದರೆ ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು, ಒಳಗೆ ಮರಳು ಸಿಕ್ಕಿಕೊಂಡಂತೆ ಕರಕರ ಎನ್ನುತ್ತಿತ್ತು, ಸಂಜೆಯ ಹೊತ್ತಿಗೆ ಉರಿ ಹೆಚ್ಚುತ್ತಿತ್ತು. ಎದುರಾದವರೆಲ್ಲ ರಾತ್ರಿ ನಿದ್ದೆಯಾಗಲಿಲ್ಲವೇ ಎಂದೋ, ಅತ್ತಿದ್ದೀರಾ ಎಂದೋ ಕೇಳುತ್ತಿದ್ದರು. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಆತುರದಲ್ಲಿ ನಾನು ವೈದ್ಯರ ಚೀಟಿಯಿಲ್ಲದೆಯೇ ಸಿಗುವ, ಕೆಂಪು ತೆಗೆಯುವ ಹನಿಮದ್ದನ್ನು ತಂದು ಹಾಕಿಕೊಳ್ಳಲು ಶುರುಮಾಡಿದೆ. ಮೊದಮೊದಲು ಒಂದು ಹನಿಗೆ ಕಣ್ಣು ಕೆಲವೇ ನಿಮಿಷಗಳಲ್ಲಿ ಬೆಳ್ಳಗಾಗುತ್ತಿತ್ತು. ಕೆಲವು ತಿಂಗಳಲ್ಲಿ ದಿನಕ್ಕೆ ಐದಾರು ಸಲ ಹಾಕಿದರೂ ಅರ್ಧ ದಿನ ಉಳಿಯುತ್ತಿರಲಿಲ್ಲ.

ಅದೇಕೆ ಹಾಗಾಗುತ್ತದೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಕಣ್ಣಿನ ಬಿಳಿಭಾಗವನ್ನು ಹೊದ್ದಿರುವ ಕಂಜಂಕ್ಟೈವಾ ಎಂಬ ತೆಳುಪೊರೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಹರಡಿಕೊಂಡಿರುತ್ತವೆ. ಕಣ್ಣಿಗೆ ಯಾವುದೇ ಕಿರಿಕಿರಿಯಾದಾಗ ಅವು ಹಿಗ್ಗುತ್ತವೆ, ಹಿಗ್ಗಿದಾಗ ನಮಗೆ ಕೆಂಪು ಕಾಣುತ್ತದೆ. ನಾನು ಬಳಸುತ್ತಿದ್ದ ಹನಿಯಲ್ಲಿದ್ದದ್ದು ನಾಫಜೋಲಿನ್. ಅದು, ಅದೇ ಬಗೆಯ ಟೆಟ್ರಾಹೈಡ್ರೊಜೋಲಿನ್‌ನಂತೆ, ಆ ನಾಳಗಳನ್ನು ಬಿಗಿಯಾಗಿ ಕುಗ್ಗಿಸುತ್ತದೆಯೇ ಹೊರತು ಅವು ಹಿಗ್ಗಲು ಕಾರಣವಾದದ್ದನ್ನು ಮುಟ್ಟುವುದೇ ಇಲ್ಲ. ಔಷಧದ ಪ್ರಭಾವ ಇಳಿದ ಕೂಡಲೇ ನಾಳಗಳು ಮೊದಲಿಗಿಂತಲೂ ಹೆಚ್ಚು ಹಿಗ್ಗಬಹುದು, ದಿನಗಳೆದಂತೆ ಔಷಧಕ್ಕೆ ಸ್ಪಂದಿಸುವುದೂ ಕಡಿಮೆಯಾಗುತ್ತದೆ. ಹೀಗೆ ಮೂಲ ಕಾರಣದ ಮೇಲೆ ಔಷಧದ ಕೆಂಪು ಬೇರೆ ಸೇರಿಕೊಂಡಿತ್ತು.

ಕೊನೆಗೆ ಭೇಟಿಯಾದ ನೇತ್ರವೈದ್ಯೆ ಮೊದಲು ಕೇಳಿದ್ದು, "ಕಣ್ಣಿಗೆ ಏನೇನು ಹಾಕುತ್ತಿದ್ದೀರಿ, ಎಷ್ಟು ದಿನದಿಂದ?" ಎಂದು. ಆಮೇಲೆ ತುರಿಕೆ ಇದೆಯೇ, ಕಾಂಟ್ಯಾಕ್ಟ್ ಲೆನ್ಸ್ ಬಳಸುತ್ತೀರಾ, ಬೆಳಕು ನೋಡಿದರೆ ಕಣ್ಣು ನೋಯುತ್ತದೆಯೇ, ಕೀಲುನೋವು ಅಥವಾ ಮುಖದ ಚರ್ಮದ ತೊಂದರೆ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಈ ಪ್ರಶ್ನೆಗಳಿಗೆಲ್ಲ ಕಾರಣವಿದೆ. ತುರಿಕೆಯೇ ಮುಂದಾಗಿದ್ದರೆ ಅಲರ್ಜಿಯ ಸಂಭವ ಹೆಚ್ಚು, ಲೆನ್ಸ್ ಹಾಕುವವರಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಸೋಂಕನ್ನು ಮೊದಲು ತಳ್ಳಿಹಾಕಬೇಕಾಗುತ್ತದೆ, ಕೆಲವು ಕೀಲುರೋಗಗಳ ಜೊತೆ ಕಣ್ಣಿನೊಳಗಿನ ಉರಿಯೂತವೂ ಬರುವುದುಂಟು, ಮುಖದ ರೋಸೇಶಿಯಾ ಎಂಬ ಚರ್ಮರೋಗ ರೆಪ್ಪೆಗಳನ್ನೂ ಕೆಡಿಸಬಲ್ಲದು. ನನ್ನಲ್ಲಿ ಇವು ಯಾವುವೂ ಇರಲಿಲ್ಲ, ಕಣ್ಣಿನ ಒತ್ತಡವೂ ಸರಿಯಾಗಿಯೇ ಇತ್ತು.

ಕಾರಣ ಸಿಕ್ಕಿದ್ದು ರೆಪ್ಪೆಯ ಅಂಚಿನಲ್ಲಿ. ಅಲ್ಲಿ ಸಾಲಾಗಿ ಮೈಬೋಮಿಯನ್ ಎಂಬ ಎಣ್ಣೆಗ್ರಂಥಿಗಳಿವೆ. ಪ್ರತಿಸಲ ಕಣ್ಣು ಮಿಟುಕಿಸಿದಾಗ ಅವು ತೆಳುವಾದ ಎಣ್ಣೆಯನ್ನು ಕಣ್ಣೀರಿನ ಮೇಲೆ ಹರಡಿ ಅದು ಬೇಗ ಆರದಂತೆ ಕಾಯುತ್ತವೆ. ವೈದ್ಯೆ ರೆಪ್ಪೆಯನ್ನು ಮೆಲ್ಲಗೆ ಒತ್ತಿದಾಗ ತಿಳಿ ಎಣ್ಣೆಯ ಬದಲು ಪೇಸ್ಟಿನಂತಹ ಗಟ್ಟಿ ಪದಾರ್ಥ ಹೊರಬಂತು. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ, ಕಣ್ಣೀರಿನ ಪದರ 4 ಸೆಕೆಂಡಿನಲ್ಲೇ ಒಡೆಯುತ್ತಿತ್ತು. ಸಾಮಾನ್ಯವಾಗಿ ಅದು 10 ಸೆಕೆಂಡಾದರೂ ನಿಲ್ಲಬೇಕು. ಕಣ್ಣಲ್ಲಿ ನೀರಿದ್ದೂ ಕಣ್ಣು ಒಣಗುತ್ತಿತ್ತು. ಇದಕ್ಕೆ ಬ್ಲೆಫರೈಟಿಸ್, ಅಂದರೆ ರೆಪ್ಪೆಯಂಚಿನ ಉರಿಯೂತವೂ ಸೇರಿತ್ತು.

ಮೊದಲ ಕೆಲಸ ಹಳೆಯ ಹನಿಯನ್ನು ಪೂರ್ತಿಯಾಗಿ ನಿಲ್ಲಿಸುವುದಾಗಿತ್ತು. ನಿಲ್ಲಿಸಿದ ಮೊದಲ ಹತ್ತು ದಿನ ಕಣ್ಣು ಹಿಂದೆಂದೂ ಇಲ್ಲದಷ್ಟು ಕೆಂಪಾಯಿತು, ಮತ್ತೆ ಒಂದೇ ಒಂದು ಹನಿ ಹಾಕಿಬಿಡೋಣ ಎನ್ನಿಸಿದ ದಿನಗಳು ಹಲವು. ಹೀಗಾಗುತ್ತದೆಂದು ವೈದ್ಯೆ ಮೊದಲೇ ಹೇಳಿರದಿದ್ದರೆ ನಾನು ಖಂಡಿತ ತಡೆದುಕೊಳ್ಳುತ್ತಿರಲಿಲ್ಲ. ಮೂರನೆಯ ವಾರದಲ್ಲಿ ಇಳಿತ ಕಾಣಿಸಿತು.

ಅದರ ಜೊತೆಗೇ ಶಾಖ ಕೊಡಲು ಆರಂಭಿಸಿದೆ. ಇದನ್ನು ನಾನು ಮೊದಲ ಎರಡು ವಾರ ತಪ್ಪಾಗಿಯೇ ಮಾಡಿದೆ. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಒಂದು ಸಲ ಇಟ್ಟುಕೊಂಡು ಮುಗಿಸುತ್ತಿದ್ದೆ, ಆದರೆ ಒದ್ದೆ ಬಟ್ಟೆ ಒಂದೆರಡು ನಿಮಿಷದಲ್ಲೇ ತಣಿಯುತ್ತದೆ, ಗಟ್ಟಿಯಾದ ಎಣ್ಣೆ ಕರಗಬೇಕಾದರೆ ರೆಪ್ಪೆಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ಕೆಲವು ನಿಮಿಷ ಸತತವಾಗಿ ಸಿಗಬೇಕು. ಆಮೇಲೆ ಎರಡು ಬಟ್ಟೆಗಳನ್ನು ಇಟ್ಟುಕೊಂಡು ಒಂದು ತಣಿಯುವುದರೊಳಗೆ ಇನ್ನೊಂದನ್ನು ಬದಲಿಸುತ್ತ ಎಂಟು-ಹತ್ತು ನಿಮಿಷ ಕೊಡತೊಡಗಿದೆ. ಬಿಸಿಯನ್ನು ಯಾವಾಗಲೂ ಮೊದಲು ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡುತ್ತಿದ್ದೆ, ಏಕೆಂದರೆ ರೆಪ್ಪೆಯ ಚರ್ಮ ತೀರ ತೆಳು. ಶಾಖ ಮುಗಿದ ಕೂಡಲೇ ಕಣ್ಣು ಮುಚ್ಚಿ, ಶುಭ್ರವಾದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ, ಎಂದರೆ ಎರಡನ್ನೂ ಎವೆಗಳ ಕಡೆಗೆ ಹಗುರವಾಗಿ ಸವರುತ್ತಿದ್ದೆ. ಗುಡ್ಡೆಯನ್ನು ಒತ್ತಬಾರದು. ಕೊನೆಗೆ, ರೆಪ್ಪೆ ಒರೆಸಲೆಂದೇ ತಯಾರಾದ ಒದ್ದೆ ಹಾಳೆಯಿಂದ ಎವೆಗಳ ಬುಡದಲ್ಲಿ ಕಟ್ಟಿದ ಹೊಟ್ಟು, ಪಿಸುರನ್ನು ತೆಗೆಯುತ್ತಿದ್ದೆ.

ಹಗಲಿನ ಹೊತ್ತಿಗೆ ಕೃತಕ ಕಣ್ಣೀರು. ಹಲವು ಸೀಸೆಗಳಲ್ಲಿ ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಇರುತ್ತದೆ, ಪದೇಪದೇ ಹಾಕಿದರೆ ಅದೇ ಕಣ್ಣಿನ ಮೇಲ್ಪದರವನ್ನು ಕೆಣಕುತ್ತದೆ. ಆದ್ದರಿಂದ ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದವರು ಸಂರಕ್ಷಕವಿಲ್ಲದ ಹನಿಯನ್ನೇ ಕೇಳಿ ಪಡೆಯಬೇಕು; ನನಗೂ ಅದನ್ನೇ ಬರೆದುಕೊಟ್ಟರು. ಪರದೆಯ ಮುಂದೆ ಕುಳಿತಾಗ ನಾವು ಮಿಟುಕಿಸುವುದು ಗಣನೀಯವಾಗಿ ಕಡಿಮೆಯಾಗುತ್ತದೆ, ಮಿಟುಕಿಸಿದರೂ ಅರ್ಧಕ್ಕೇ ನಿಲ್ಲಿಸುತ್ತೇವೆ. ನನ್ನದು ಇಡೀ ದಿನ ಪರದೆಯ ಮುಂದಿನ ಕೆಲಸವಾದ್ದರಿಂದ ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿಳಿಸಿದೆ, ಫ್ಯಾನಿನ ಗಾಳಿ ಮುಖಕ್ಕೆ ಬಡಿಯದಂತೆ ಕುರ್ಚಿ ತಿರುಗಿಸಿದೆ.

ಒಂದು ಮಾತನ್ನು ಒತ್ತಿ ಹೇಳಲೇಬೇಕು. ಈ ನಡುವೆ ಬಂಧುವೊಬ್ಬರು ತಮ್ಮ ಕಣ್ಣಿಗೆ ಬರೆದುಕೊಟ್ಟಿದ್ದ ಸ್ಟಿರಾಯ್ಡ್ ಹನಿಯಲ್ಲಿ ಉಳಿದದ್ದನ್ನು ಪ್ರೀತಿಯಿಂದಲೇ ನನಗೆ ಕೊಡಲು ಬಂದಿದ್ದರು. ಸ್ಟಿರಾಯ್ಡ್ ಕೆಂಪನ್ನು ಬೇಗ ಇಳಿಸುವುದು ನಿಜ, ಆದರೆ ತಪಾಸಣೆಯಿಲ್ಲದೆ ಬಳಸಿದರೆ ಕಣ್ಣಿನ ಒತ್ತಡ ಏರಿ, ದೃಷ್ಟಿಯ ನರವನ್ನು ಕೆಡಿಸುವ ಗ್ಲಾಕೋಮಾ ಬರಬಹುದು, ಪೊರೆ ಬೆಳೆಯಬಹುದು, ಹರ್ಪಿಸ್ ವೈರಸ್ಸಿನ ಸೋಂಕಿದ್ದರೆ ಕಾರ್ನಿಯಾ ಇನ್ನಷ್ಟು ಹಾಳಾಗಬಹುದು. ಇನ್ನು ಕೆಂಪಿನ ಜೊತೆ ತೀವ್ರ ನೋವು, ದೃಷ್ಟಿ ಮಂಜಾಗುವುದು, ಬೆಳಕನ್ನು ತಾಳಲಾಗದಿರುವುದು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ವಾಂತಿ ಬರುವುದು, ಇವುಗಳಲ್ಲಿ ಒಂದಿದ್ದರೂ ನಾನು ಬರೆದ ಯಾವ ಆರೈಕೆಯನ್ನೂ ಮಾಡುತ್ತ ಕೂರದೆ ಅದೇ ದಿನ ನೇತ್ರವೈದ್ಯರ ಬಳಿ ಹೋಗಬೇಕು.

ನನ್ನ ಕಣ್ಣು ಬೆಳ್ಳಗಾಗಲು ಸುಮಾರು ಮೂರು ತಿಂಗಳು ಹಿಡಿಯಿತು. ಆ ಹೊತ್ತಿಗೆ ಕಣ್ಣೀರಿನ ಪದರ ನಿಲ್ಲುವ ಅವಧಿ 9 ಸೆಕೆಂಡಿಗೆ ಬಂದಿತ್ತು, ಆದ್ದರಿಂದ ಈ ತೊಂದರೆಗೆ ಕೆಲವೊಮ್ಮೆ ಕೊಡುವ ಮಾತ್ರೆಗಳ ಅಗತ್ಯ ಬೀಳಲಿಲ್ಲ. ಗ್ರಂಥಿಗಳ ಈ ತೊಂದರೆ ಪೂರ್ತಿ ಹೋಗುವಂಥದ್ದಲ್ಲ. ಈಗ ದಿನಕ್ಕೊಮ್ಮೆ, ರಾತ್ರಿ ಮಲಗುವ ಮುನ್ನ ಶಾಖ ಕೊಡುತ್ತೇನೆ. ನಾಲ್ಕೈದು ದಿನ ತಪ್ಪಿದರೆ ಬೆಳಗಿನ ಆ ಕರಕರ ಮತ್ತೆ ಶುರುವಾಗುತ್ತದೆ.